ಮೂರನೆಯ ಒದೆತ

ಎಡಗಾಲನ್ನು ಬೆಂಚಿನ ಕೆಳಗೆ ಎಷ್ಟು ಹಿಂದಕ್ಕೆ ಎಳೆದುಕೊಂಡರೂ ಅದು ಎಲ್ಲರ ಕಣ್ಣಿಗೂ ಬೀಳುತ್ತಿದೆ ಎಂದು ನಾಗಲಿಂಗನಿಗೆ ಅನಿಸುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಚಪ್ಪಲಿ ಬಿಡಿಸಿದ್ದರು. ಬಲಗಾಲಿನ ಬಗ್ಗೆ ಅವನ ತಕರಾರಿರಲಿಲ್ಲ. ಐವತ್ತಾರು ವರ್ಷ ಯಾರ ತಂಟೆಗೂ ಹೋಗದೆ ಭಾರ ಹೊತ್ತು ನಿಂತ ಸಭ್ಯ ಕಾಲು ಅದು. ಹಲ್ಕಟ್ ಕಾಲು ಎಂದರೆ ಎಡಗಾಲು. ಎದುರಿನ ಗೋಡೆಯ ಮೇಲೆ ಮನುಷ್ಯನ ಬೆನ್ನೆಲುಬಿನ ದೊಡ್ಡ ಚಿತ್ರ ತೂಗುಹಾಕಿದ್ದರು. ಚಹದಂಗಡಿಯಲ್ಲಿ ಬಟ್ಟಲು ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಮಣಕ. ಕೆಳಗಿನ ಎರಡು ಮಣಕಗಳ ಮೇಲೆ ದಿನಾ ಯಾರೋ ಬೆರಳಿಟ್ಟು ತೋರಿಸಿ ಕಾಗದ ಅಲ್ಲಿಯೇ ಕಪ್ಪಾಗಿತ್ತು. ಸರಿಯಾಗಿ ಅಲ್ಲಿಯೇ ಅವನು ತನ್ನ ಹಳೆಯ ಶಿಕ್ಷಕಿ ತಾರಾಬಾಯಿಯವರನ್ನು ಒದ್ದದ್ದು. ಚಿತ್ರ ಬರೆದವನಿಗೂ ಅದು ಗೊತ್ತಿದ್ದ ಹಾಗಿತ್ತು. ಬೇರೆ ಕಡೆ ನೋಡೋಣವೆಂದು ತಲೆ ತಿರುಗಿಸಿದರೆ ಆ ಕಡೆಯ ಗೋಡೆಗೂ ಅದೇ ಚಿತ್ರ, ಮಗ್ಗುಲಿನಿಂದ ಬರೆದದ್ದು.

ಖಾನಾಪುರದ ಬಸ್ ನಿಲ್ದಾಣದಲ್ಲಿ ಅವನು ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಎಂದು ಮೈಕಿನಲ್ಲಿ ಕೂಗುವುದು, ತಡ ಮಾಡಿದ ಕಂಡಕ್ಟರನನ್ನು ಅದೇ ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಬಯ್ಯುವುದು ಅವನ ನೌಕರಿ. ಆದರೆ ಅವನಿಗೆ ಹೆಸರು ಬಂದದ್ದು ಬಾಯಿಯಿಂದಲ್ಲ, ಕಾಲಿನಿಂದ. ತಾಯಿಯ ಹೊಟ್ಟೆಯಿಂದ ತಲೆ ಮೊದಲು ಬರದೆ ಕಾಲು ಮೊದಲು ಬಂದವನು ಅವನು. ಹಾಗೆ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂದು ಅಲ್ಲಿ ಕನ್ನಡದವರೂ ನಂಬುತ್ತಾರೆ, ಮರಾಠಿಯವರೂ ನಂಬುತ್ತಾರೆ. ಗಡಿಯ ವಿಷಯದಲ್ಲಿ ಒಂದಾಗದ ಊರು ಅವನ ಕಾಲಿನ ವಿಷಯದಲ್ಲಿ ಒಂದಾಗಿತ್ತು. ಭಾನುವಾರ ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ ಬಂದವರು ಅವನ ಮನೆಯ ಕಟ್ಟೆಯ ಮೇಲೆ ಬೋರಲು ಮಲಗುತ್ತಿದ್ದರು. ಒದೆತ ಎಂದರೆ ನಿಜವಾದ ಒದೆತವಲ್ಲ. ಕೂಸನ್ನು ತಟ್ಟಿ ಮಲಗಿಸಿದ ಹಾಗೆ ಪಾದ ಮುಟ್ಟಿಸುವುದು, ಅಷ್ಟೆ. ಮಲಗಿದವರು ವಯಸ್ಸಿನಲ್ಲಿ ಹಿರಿಯರಾಗಿದ್ದರೆ ಮೂರು ಮುಗಿದು ಅವರು ಎದ್ದ ಕೂಡಲೆ ಅವನು ಬಗ್ಗಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು. ಹಿರಿಯರಿಗೆ ಕಾಲು ತಾಗಿಸಿದ ಪಾಪ ಅಲ್ಲಿಂದಲ್ಲಿಗೆ ಕಳೆಯಲಿ ಎಂದು ಅವನ ಅವ್ವ ಮಾಡಿಟ್ಟ ನೇಮ. ಹೆಂಡತಿ ಲಕ್ಷ್ಮೀ ಇದನ್ನೇ ಹಿಡಿದುಕೊಂಡು, "ನಿಮ್ಮದು ಎಲ್ಲಾದ್ರಾಗೂ ಹಿಂಗ. ಮೊದಲ ಒದಿಯೂದು, ಆಮ್ಯಾಲ ಕಾಲ ಬೀಳೂದು," ಎಂದು ಇಪ್ಪತ್ತೆಂಟು ವರ್ಷದಿಂದ ಹೇಳುತ್ತಾ ಬಂದಿದ್ದಳು.

"ಕಾಕಾ, ಯಾಕ ಹಿಂಗ ಕುಂತೀರಿ? ಚಿಂತೀನ ಬ್ಯಾಡ," ಎನ್ನುತ್ತ ವಿಪುಲ ಬಂದು ಪಕ್ಕದಲ್ಲಿ ಕುಳಿತ. ತಾರಾಬಾಯಿಯವರ ಅಣ್ಣನ ಮಗ, ಖಾನಾಪುರದ ಪೇಟೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟವನು. ಮದುವೆಯಾಗದ ಅತ್ತೆಯನ್ನು ನೋಡಿಕೊಳ್ಳುವವನು ಅವನೇ. ಬೆಳಗಾವಿಯ ಕ್ಯಾಂಪಿನಲ್ಲಿದ್ದ ಈ ಆಸ್ಪತ್ರೆಯನ್ನು ಹುಡುಕಿದವನೂ ಅವನೇ. ಅದನ್ನು ತಾನೇ ಕಟ್ಟಿಸಿದ ಹಾಗೆ ಮಾತಾಡುತ್ತಿದ್ದ. "ಒಳಗ ರೋಬೋಟ್ ಐತ್ರಿ. ಅಂದ್ರ ಮಶೀನಿನ ಮನಷ್ಯಾ. ಡಾಕ್ಟರ್ ಬರೇ ಗುಂಡಿ ಒತ್ತೂದು. ಅದು ತಾನ ಹೋಗಿ ಮಣಕದಾಗ ಇಸ್ಕ್ರೂ ಕೂಡಸ್ತೈತಿ. ಒಂದು ಕೂದಲೆಳಿ ಆಕಡಿ ಇಲ್ಲ, ಈಕಡಿ ಇಲ್ಲ."

"ಸಿಟ್ಟು ಬರ್ತೈತೇನು ಅದಕ್ಕ?"

"ಮಶೀನಿಗಿ ಎಲ್ಲೀ ಸಿಟ್ಟ್ರೀ ಕಾಕಾ!" ವಿಪುಲ ಇಡೀ ಬೆಂಚು ಅಲುಗುವಂತೆ ನಕ್ಕ. ನಾಗಲಿಂಗನಿಗೆ ನಗು ಬರಲಿಲ್ಲ. ಸಿಟ್ಟಿಲ್ಲದ ಕೈ. ಯಾರು ಮಲಗಿದ್ದಾರೆ, ಅವರು ಹಿಂದೆ ಏನು ಮಾಡಿದ್ದರು ಎಂದು ಅದಕ್ಕೆ ಗೊತ್ತಿಲ್ಲ. ಹೇಳಿದಲ್ಲಿ ಹೋಗುತ್ತದೆ, ಹೇಳಿದಷ್ಟು ಒತ್ತುತ್ತದೆ, ಹಿಂದಕ್ಕೆ ಬರುತ್ತದೆ. ತಾನೂ ನಲವತ್ತು ವರ್ಷ ಹಾಗೆಯೇ ಇದ್ದೆನಲ್ಲ ಎಂದುಕೊಂಡ. ಒಂದು ಭಾನುವಾರ ಬಿಟ್ಟು.

ಹನ್ನೊಂದು ದಿನದ ಹಿಂದಿನ ಆ ಭಾನುವಾರ ರಿಕ್ಷಾದಿಂದ ಇಳಿದ ತಾರಾಬಾಯಿಯವರನ್ನು ನೋಡಿ ಅವನು ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಕೊಂಡಿದ್ದ. ಐವತ್ತಾರು ವರ್ಷದ ಗಂಡಸು, ತನ್ನದೇ ಮನೆಯ ಕಟ್ಟೆಯ ಮೇಲೆ. ಅವನ ಊರ ಸಾಲೆಯಲ್ಲಿ ಅವರು ಅಕ್ಕೋರಾಗಿದ್ದರು. ದೆವ್ವ ಇಲ್ಲ, ತಾಯಿತ ಸುಳ್ಳು, ಒದ್ದರೆ ಸೊಂಟ ಬಿಡುತ್ತದೆ ಎನ್ನುವವರಿಗೆ ತಲೆಗೇ ಒದೆಯಬೇಕು ಎಂದು ಮೂವತ್ತಾರು ವರ್ಷ ಮಕ್ಕಳಿಗೆ ಕಲಿಸಿ ನಿವೃತ್ತರಾದವರು. ಗೇಟಿನಲ್ಲಿ ನಿಂತು, "ಜಾಂಬೋಟಿ ಬಸ್ ಎಷ್ಟಕ್ಕೈತೋ ನಾಗಲಿಂಗ?" ಎಂದು ಕೇಳಿದರು. ಹೇಳಿದ. "ಅದರ ಮುಂದಿಂದು?" ಅದನ್ನೂ ಹೇಳಿದ. ಆಮೇಲೆ ಅವರು ಕೊಡೆಯನ್ನು ಗೋಡೆಗೆ ಆನಿಸಿ, ಕನ್ನಡಕ ತೆಗೆದು ಲಕ್ಷ್ಮಿಯ ಕೈಗೆ ಕೊಟ್ಟು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಬೋರಲು ಮಲಗಿದರು. "ನಂಬಿಗಿ ಇಲ್ಲ ನನಗ," ಎಂದರು, ಗಲ್ಲ ಕಲ್ಲಿಗೆ ಒತ್ತಿದ್ದರಿಂದ ದನಿ ಸೊಟ್ಟಗಾಗಿ. "ಪ್ರಯೋಗ ಅಂತ ತಿಳಿ. ಹೂಂ, ಶುರು ಮಾಡು."

ಮೊದಲನೆಯದು ನೇಮದ ಪ್ರಕಾರ ಆಯಿತು. ಎರಡನೆಯದೂ ಆಯಿತು. ಮೂರನೆಯದಕ್ಕೆ ಕಾಲೆತ್ತಿದಾಗ ಅವನ ಅಂಗಾಲು ಚುರ್ ಎಂದಿತು. ಆಗ ಅವನು ಮೂರನೇ ಇಯತ್ತೆಯ ಹುಡುಗ. ಹೆಡ್ ಮಾಸ್ತರ ಕಲ್ಲಯ್ಯನವರು ಸೈಕಲ್ಲಿನಿಂದ ಬಿದ್ದು ಸೊಂಟ ಹಿಡಿಸಿಕೊಂಡು ಬಂದವರು, ವರ್ಗದ ನಡುವೆಯೇ ಗೋಣಿತಟ್ಟು ಹಾಸಿ ಮಲಗಿ, "ಬಾರಲೇ ನಾಗ್ಯಾ, ಒದಿ," ಎಂದಿದ್ದರು. ಹೆಡ್ ಮಾಸ್ತರರನ್ನು ಒದೆಯುವ ಭಾಗ್ಯ ಯಾರಿಗುಂಟು? ವರ್ಗವೆಲ್ಲ ಎದ್ದು ನಿಂತು ಎಣಿಸುತ್ತಿತ್ತು. ಎರಡು ಎಂದು ಎಣಿಸುವಾಗ ಬಾಗಿಲಲ್ಲಿ ಹೊಸ ಅಕ್ಕೋರು ತಾರಾಬಾಯಿ, ಇಪ್ಪತ್ತಮೂರು ವರ್ಷದವರು, ಕೈಯಲ್ಲಿ ಛಡಿ. ಏನು, ಎತ್ತ, ಕೇಳಲಿಲ್ಲ. ಎಡಗಾಲಿನ ಅಂಗಾಲಿಗೆ ಆರು ಏಟು. ಕಲ್ಲಯ್ಯ ಮಾಸ್ತರರು ಎದ್ದು, ಧೋತರ ಕೊಡವಿಕೊಂಡು, ತಾವು ಅಲ್ಲಿ ಮಲಗಿಯೇ ಇರಲಿಲ್ಲ ಎನ್ನುವ ಹಾಗೆ ಹೊರಗೆ ಹೋದರು. ಆಮೇಲೆ ಅಂಗಟಾ ಹಿಡಿಯುವ ಶಿಕ್ಷೆ: ಬಗ್ಗಿ, ಎರಡೂ ಕಾಲಿನ ಹೆಬ್ಬೆರಳು ಹಿಡಿದು, ಗಂಟೆ ಹೊಡೆಯುವವರೆಗೆ ನಿಲ್ಲುವುದು. ಗಂಟೆ ಹೊಡೆಯಿತು. ಹುಡುಗರು ಹೋದರು. ಅಕ್ಕೋರೂ ಹೋದರು. ಏಳು ಎಂದು ಯಾರೂ ಹೇಳಲಿಲ್ಲ. ಹೇಳದೆ ಎದ್ದರೆ ಮತ್ತೆ ಆರು ಬೀಳುತ್ತವೆ ಎಂದು ಅವನು ನಿಂತೇ ಇದ್ದ, ಕಸ ಗುಡಿಸಲು ಬಂದ ಬಸವಣ್ಣೆವ್ವ ಕಸಬರಿಗೆಯಿಂದ ಅವನ ಕಾಲಿಗೆ ತಟ್ಟಿ, "ಸರೀಯಪಾ ಆಕಡೆ," ಎನ್ನುವವರೆಗೆ.

ಆ ಕಾಲು ಮೂರನೆಯ ಸಲ ಕೆಳಗೆ ಬಂದದ್ದು ಎಷ್ಟು ಜೋರಾಗಿ ಎಂದು ಅವನಿಗೆ ಹೇಳಲಾಗದು. ಹೊರಗಿನಿಂದ ನೋಡಿದವರಿಗೆ ಮುಟ್ಟಿಸಿದ ಹಾಗೆ ಕಂಡಿರಬಹುದು. ಆದರೆ ತೊಡೆಯ ಒಳಗಿನಿಂದ ಏನೋ ಒಂದು ಇಳಿದು ಹೋಯಿತು, ನಲವತ್ತೇಳು ವರ್ಷ ಹಳೆಯದು, ಬಿಸಿಯದು. ಆಗ ಅವನಿಗೆ ಸುಖವೆನಿಸಿತು. ಎಲ್ಲಕ್ಕಿಂತ ಹೊಲಸು ಮಾತು ಅದು. ನಮಸ್ಕಾರಕ್ಕೂ ನಿಲ್ಲದೆ ಒಳಗೆ ಹೋಗಿ ತಂಬಿಗೆ ನೀರು ಕುಡಿದ. ಕಿಟಕಿಯಿಂದ ನೋಡಿದರೆ ಅವರು ಇನ್ನೂ ಮಲಗಿಯೇ ಇದ್ದರು. ಮೈಯಲ್ಲಿ ಮಿಸುಕಾಟವಿಲ್ಲ. ಕಣಕುಂಬಿ ಬಸ್ಸು ಹೋದ ಸದ್ದಾಯಿತು, ಆಗಲೂ ಮಲಗಿದ್ದರು. ಕಡೆಗೆ ಲಕ್ಷ್ಮೀ, "ಅಕ್ಕೋರ, ಏಳವಲ್ರಲ್ಲಾ?" ಎಂದು ರಟ್ಟೆ ಹಿಡಿದು ಎಬ್ಬಿಸಿದಳು. ಅವರು ಬಾಗಿಲ ಕಡೆ ನೋಡಿ ಅವನಿಗೆ ಏನೋ ಹೇಳಲು ಬಾಯಿ ತೆರೆದು, ಲಕ್ಷ್ಮಿಯನ್ನು ನೋಡಿ ಮುಚ್ಚಿಕೊಂಡು, ಕನ್ನಡಕ ಇಸಿದುಕೊಂಡು ಹೋದರು. ನಾಲ್ಕನೇ ದಿನ ಪೇಟೆಯಲ್ಲಿ ಸುದ್ದಿ: ತಾರಾಬಾಯಿ ಅಕ್ಕೋರ ಎಡಗಾಲು ಜೋಮು ಹಿಡಿದು ಪಾದ ಮೇಲೇಳುತ್ತಿಲ್ಲ, ಬೆನ್ನಿನ ಆಪರೇಷನ್ನಂತೆ. ಅದರ ಮೇಲೆ ನಿನ್ನೆ ವಿಪುಲ ನಿಲ್ದಾಣಕ್ಕೇ ಬಂದು, "ಅತ್ತಿ ನಿಮ್ಮನ್ನ ಕರಕೊಂಡು ಬಾ ಅಂದಾರ್ರಿ. ಆಪರೇಶನ್ ಕಿಂತ ಮೊದಲ ನೋಡಬೇಕಂತ," ಎಂದಾಗ ನಾಗಲಿಂಗ ಹುಬ್ಬಳ್ಳಿ ಬಸ್ಸನ್ನು ಗೋವೆಗೆ ಎಂದು ಕೂಗಿಬಿಟ್ಟಿದ್ದ.

ನರ್ಸ್ ಕಾಂತಾ ಬಂದು ಒಳಗೆ ಕರೆದಳು. ಹಸಿರು ಅಂಗಿ ತೊಡಿಸಿದ್ದರಿಂದ ಅಕ್ಕೋರು ಚಿಕ್ಕವರಾಗಿ ಕಂಡರು. ಡಾಕ್ಟರ್ ಭೀಮಗೊಂಡ ಮಂಚದ ಕಾಲಿನ ಕಡೆ ನಿಂತು ಫೈಲು ತಿರುವುತ್ತಿದ್ದರು. ಎತ್ತರದ ಮನುಷ್ಯ, ತಮ್ಮ ಸೊಂಟಕ್ಕೇ ಒಂದು ಕೈ ಕೊಟ್ಟುಕೊಂಡು ನಿಂತಿದ್ದರು. "ಬೆಳಗಿನಿಂದ ಏನೂ ತಿಂದಿಲ್ಲಲ್ರೀ ಬಾಯಾರ?" ಎಂದು ಕೇಳಿದರು. "ಉಪಾಸ ನಮಗ ಹೊಸಾದಲ್ಲ. ಸೂಜಿ ಚುಚ್ಚಿದ ನಿಮ್ಮ ಕಾಂಪೌಂಡರ್ ತಿಂದಾನೇನು ಕೇಳ್ರಿ, ಅವನ ಕೈ ನಡಗಾಕತ್ತಿದ್ದು." ಡಾಕ್ಟರು ನಕ್ಕು ಮತ್ತೊಂದು ಪ್ರಶ್ನೆ ಕೇಳಿದರು: "ಕೊನೀ ಸಲ ಕೇಳ್ತೀನಿ. ಬಿದ್ದಿದ್ರೇನು? ಬೆನ್ನಿಗಿ ಏನರ ಪೆಟ್ಟು?"

ನಾಗಲಿಂಗ ಹಾಸಿಗೆಯ ಗಾಲಿಗಳನ್ನು ನೋಡಿದ. ನಾಲ್ಕಿದ್ದವು. "ಬಚ್ಚಲದಾಗ ಜಾರಿದೆ," ಎಂದರು ತಾರಾಬಾಯಿ. ಸುಳ್ಳು ಹೇಳಿದವರ ಕಿವಿ ಹಿಂಡುತ್ತಿದ್ದ ಅಕ್ಕೋರು, ಕಣ್ಣು ಪಿಳುಕಿಸದೆ. ಡಾಕ್ಟರು ಫೈಲು ಹಿಡಿದು ಹೊರಗೆ ಹೋದ ಮೇಲೆ ಅವನ ಕಡೆ ತಿರುಗಿ, ದನಿ ತಗ್ಗಿಸಿ, "ನಾಗಲಿಂಗ, ನಿನ್ನ ಕಡೆ ನಂದು ಒಂದು ಬಾಕಿ ಐತಿ. ನೆನಪೈತಿಲ್ಲೋ?" ಎಂದರು. ಅಷ್ಟರಲ್ಲಿ ವಿಪುಲ, "ಏನತ್ತಿ, ಏನ್ ಬೇಕು?" ಎಂದು ನಡುವೆ ತಲೆ ಹಾಕಿದ. ಅವರು ಹಲ್ಲು ಕಚ್ಚಿ ಗೋಡೆಗೆ ಮುಖ ಮಾಡಿದರು.

ಬಾಕಿ. ಅಂದರೆ ಗೊತ್ತಿದೆ. ಗೊತ್ತಿದ್ದೂ ಡಾಕ್ಟರಿಗೆ ಮುಚ್ಚಿಟ್ಟಿದ್ದಾರೆ. ತನ್ನನ್ನು ಉಳಿಸಲಿಕ್ಕೋ, ಇಷ್ಟು ವರ್ಷ ಬಯ್ದ ಕಾಲಿನ ಕೆಳಗೆ ತಾವೇ ಮಲಗಿದ ನಾಚಿಕೆಗೋ? ಯಾವುದಾದರೂ ಇರಲಿ, ಪೆಟ್ಟು ಬಿದ್ದದ್ದು ಬಚ್ಚಲಿನಲ್ಲಿ ಎಂದು ತಿಳಿದ ಮಶೀನು ಬಚ್ಚಲಿನ ಪೆಟ್ಟನ್ನೇ ಹುಡುಕುತ್ತದೆ, ಕಾಲಿನ ಪೆಟ್ಟು ಹಾಗೇ ಉಳಿಯುತ್ತದೆ, ಅಕ್ಕೋರ ಪಾದ ಮತ್ತೆ ಏಳುವುದಿಲ್ಲ. ಈ ಲೆಕ್ಕ ತಲೆಯಲ್ಲಿ ಕೂಡಿದ ಕೂಡಲೆ ಅವನು ಹೊರಗೆ ಓಡಿ, ಮೆಟ್ಟಿಲಿಳಿಯುತ್ತಿದ್ದ ಡಾಕ್ಟರರ ತೋಳು ಹಿಡಿದ.

"ಸಾಹೇಬ್ರ, ಬಚ್ಚಲ ಸುಳ್ಳ್ರೀ. ನಾ ಒದ್ದದ್ದು."

ಡಾಕ್ಟರ್ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಕಣ್ಣು ಎಡಗಾಲಿಗೆ ಬಂದು ನಿಂತಿತು. "ಕಾಲು ಮುಂದಾಗಿ ಹುಟ್ಟಿದಾಂವೇನು?"

"ಹೌದ್ರಿ."

"ನಮ್ಮ ಊರಾಗೂ ಒಬ್ಬಾಕಿ ಇದ್ದಳು." ಅವರು ಫೈಲಿನಿಂದ ಒಂದು ಕರಿಯ ಫಿಲ್ಮ್ ಎಳೆದು ಕಿಟಕಿಯ ಬೆಳಕಿಗೆ ಹಿಡಿದರು. "ಇದು ಆರು ವರ್ಷದ ಹಿಂದಿಂದು. ಆಗಽ ಮಣಕ ಜಾರೇತಿ, ಕಾಣ್ತೈತಿಲ್ಲೋ? ವಯಸ್ಸಾದವರಿಗೆ ಆಗೂದ. ಈಗ ನರ ಒತ್ತೇತಿ. ನಿನ್ನ ಕಾಲಿಗಿ ಅಷ್ಟೇನು ದೊಡ್ಡಸ್ತಿಕಿ ಬ್ಯಾಡ."

ನಾಗಲಿಂಗನಿಗೆ ಎದೆ ಹಗುರಾಗುವ ಬದಲು ಸಿಟ್ಟು ಬಂತು. ನಲವತ್ತು ವರ್ಷ ಊರ ಸೊಂಟಗಳನ್ನು ನೆಟ್ಟಗೆ ಮಾಡಿದ ಕಾಲು ಇದು, ಇದಕ್ಕೆ ಒಂದು ಮಣಕ ಜಾರಿಸುವ ತಾಕತ್ತೂ ಇಲ್ಲವೇ? "ಜೋರು ಒದ್ದೀನ್ರಿ," ಎಂದ, ತಕರಾರು ದಾಖಲು ಮಾಡುವವನಂತೆ.

"ಹಂಗಿದ್ರ ಇನ್ನೊಂದೀಟು ಜಾರಿರಬಹುದು. ಜಾರಿರಲಿಕ್ಕೂ ಇಲ್ಲ. ಅದನ್ನ ಯಾವ ಮಶೀನೂ ಹೇಳೂದಿಲ್ಲ."

"ರೋಬೋಟಿಗೂ ತಿಳಿಯೂದಿಲ್ಲೇನ್ರಿ?"

"ಯಾವ ರೋಬೋಟೋ? ಎಕ್ಸ್-ರೇ ಮಶೀನ್ ಅದು. ಎಲುಬು ಟಿವಿಯಾಗ ತೋರಸ್ತೈತಿ, ಇಸ್ಕ್ರೂ ಹಾಕಾಂವ ನಾನ. ಪರದೇಶದಾಗ ಈಗ ಮಶೀನಿನ ಕೈಲೆ ಜಾಗಾ ಹಿಡಿಸೂ ಪ್ರಯತ್ನ ನಡದೈತಿ. ಇಲ್ಲಿಗಿ ಬರೂದ್ರಾಗ ನನ್ನ ಮಣಕಾನೂ ಜಾರಿರ್ತಾವು." ಅವರು ಎರಡು ಮೆಟ್ಟಿಲು ಇಳಿದು ತಿರುಗಿದರು. "ಪಾದ ಏಳತೈತೋ ಇಲ್ಲೋ ಮೂರು ದಿನಕ್ಕ ತಿಳೀತೈತಿ. ಎಪ್ಪತ್ತು ವಯಸ್ಸು, ಖಾತ್ರಿ ಕೊಡಾಂವ ಅಲ್ಲ ನಾ. ನೀ ಮತ್ತ ಯಾರಿಗೂ ಒದಿಬ್ಯಾಡ."

ಹನ್ನೊಂದಕ್ಕೆ ಅಕ್ಕೋರನ್ನು ತಳ್ಳುಗಾಡಿಯಲ್ಲಿ ಒಯ್ದರು. ಎರಡು ರೆಕ್ಕೆಯ ಬಾಗಿಲು ತೆರೆದು ಮುಚ್ಚುವ ನಡುವೆ ಅವನಿಗೆ ಒಳಗಿನ ಮಶೀನು ಕಂಡಿತು. ಅರ್ಧ ಬಳೆಯ ಹಾಗೆ ಬಾಗಿದ ಬಿಳಿಯ ಕಬ್ಬಿಣದ ತೋಳು ಖಾಲಿ ಮೇಜಿನ ಮೇಲೆ ಬಗ್ಗಿ ನಿಂತಿತ್ತು, ಹೆಬ್ಬೆರಳು ಹಿಡಿದವರ ಹಾಗೆ. ಯಾರೋ ಏಳು ಎಂದು ಹೇಳುವವರೆಗೆ ಅದೂ ಹಾಗೇ ನಿಂತಿರುತ್ತದೆ ಎಂದುಕೊಂಡ. ಆದರೆ ಅದಕ್ಕೆ ಸೊಂಟ ನೋಯುವುದಿಲ್ಲ, ಯಾರ ಮೇಲೂ ಹಗೆ ಉಳಿಯುವುದಿಲ್ಲ. ನಾಲ್ಕು ತಾಸು ಬೆಂಚಿನ ಮೇಲೆ ಕುಳಿತ. ತನಗೂ ಸೊಂಟದಲ್ಲಿ ಸಣ್ಣಗೆ ಚಳಕು ಹೊಡೆಯುತ್ತಿತ್ತು. ಅದು ಎರಡು ವರ್ಷದಿಂದ ಇದ್ದದ್ದು, ಲಕ್ಷ್ಮಿಗೂ ಹೇಳಿರಲಿಲ್ಲ. ಒದೆಯುವವನ ಸೊಂಟವೇ ಹಿಡಿದಿದೆ ಎಂದರೆ ಖಾನಾಪುರದಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಮೂರು ಗಂಟೆಗೆ ಡಾಕ್ಟರ್ ಹೊರಗೆ ಬಂದು, "ಇಸ್ಕ್ರೂ ಕೂತಾವು, ಅವರೂ ಕೂಡತಾರ. ಪಾದದ್ದು ನೋಡೂಣು," ಎಂದು ವಿಪುಲನಿಗೆ ಹೇಳಿ ಚಹಕ್ಕೆ ಹೋದರು.

ಮೂರನೆಯ ದಿನ ಭಾನುವಾರ. ಕಟ್ಟೆಯ ಮೇಲೆ ಬಂದು ಮಲಗಿದ್ದ ಇಬ್ಬರನ್ನು "ಏಳ್ರಿ, ಕಾಲು ರಜಾ ಮ್ಯಾಲ ಐತಿ," ಎಂದು ಗದರಿಸಿ ಎಬ್ಬಿಸಿ ಅವನು ಬೆಳಗಾವಿಯ ಬಸ್ಸು ಹತ್ತಿದ್ದ. ವಿಪುಲ ಔಷಧಿ ತರಲು ಹೋಗಿದ್ದ. ಕಾಂತಾ ಅಕ್ಕೋರ ಸೊಂಟಕ್ಕೆ ಪಟ್ಟಿ ಬಿಗಿದು, ನಾಲ್ಕು ಕಾಲಿನ ವಾಕರ್ ಕೊಟ್ಟು ನಿಲ್ಲಿಸಿದ್ದಳು. ನಿಂತಿದ್ದರು. ಬಲಗಾಲು ಹೆಜ್ಜೆ ಇಟ್ಟಿತು. ಎಡಗಾಲು ನೆಲವನ್ನು ಸವರಿಕೊಂಡು ಹಿಂದೆ ಬಂತು, ಮನಸ್ಸಿಲ್ಲದೆ ಸಾಲೆಗೆ ಹೊರಟ ಹುಡುಗನ ಹಾಗೆ.

"ಎತ್ರೀ ಬಾಯಾರ, ಎಡಗಾಲ ಎತ್ರಿ," ಎಂದಳು ಕಾಂತಾ.

"ಎತ್ತು ಅಂತ ನಾ ಬೆಳಗಿನಿಂದ ಹೇಳಾಕತ್ತೀನಿ ಅದಕ್ಕ. ನನ್ನ ಮಾತ ಕೇಳವಲ್ದು. ಮೂವತ್ತಾರು ವರ್ಷ ಮಂದಿ ಮಕ್ಕಳು ಕೇಳ್ಯಾರ, ಮನೀ ಕಾಲ ಕೇಳವಲ್ದು."

ನಾಗಲಿಂಗನಿಗೆ ಇನ್ನು ತಡೆಯಲಾಗಲಿಲ್ಲ. "ಅಕ್ಕೋರ, ನಾ ಆ ದಿನ ಸಿಟ್ಟಿಲೆ ಒದ್ದೀನ್ರಿ," ಎಂದುಬಿಟ್ಟ. ಕಾಂತಾ ಇಬ್ಬರನ್ನೂ ನೋಡಿದಳು. "ಮೂರನೇದು. ಹಳೇ ಸಿಟ್ಟು ಇತ್ರಿ, ಮೂರನೇ ಇಯತ್ತೇದು. ಅದಕ್ಕ ನಿಮಗ ಏಳಾಕ ಆಗಲಿಲ್ಲ. ನಾ ಕಿಡಕ್ಯಾಗಿಂದ ನೋಡೀನ್ರಿ."

ತಾರಾಬಾಯಿ ವಾಕರ್ ಹಿಡಿದುಕೊಂಡೇ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಮೂರನೇದು ಒದ್ದಿ?"

"ಒದ್ದೀನ್ರಿ."

"ಯಾವಾಗ?"

"ಆವಾಗ್ರಿ! ಎರಡರ ಮ್ಯಾಲ!"

"ನನಗ ಗೊತ್ತಾಗಲೇ ಇಲ್ಲಲ್ಲೋ," ಎಂದರು. "ಎರಡ ಆದಾವು, ಇನ್ನೊಂದಕ್ಕ ಕಾಲ ಎತ್ತಿರಬೇಕು ಅಂತ ಹಾದಿ ಕಾಯ್ಕೋತ ಮಲಗಿದ್ದೆ. ಇರಬೀ ಕಡ್ಯಾಕತ್ತಿದ್ದು, ಆದ್ರೂ ಮಲಗಿದ್ದೆ. ನೀ ಅಂತೂ ಒಳಗ ಹೋಗಿ ಕುಂತಿ. ಹೆಣ್ತಿ ಮುಂದ ಹ್ಯಾಂಗ ಕೇಳೂದು, ಇನ್ನೊಂದು ಒದಿಯಂತ? ಆಪರೇಶನ್ ಕಿಂತ ಮೊದಲ ಆ ಬಾಕಿ ಒಂದು ಒದಿಸ್ಕೊಂಡು ಬಿಡೂಣು ಅಂತ ಕರಸಿದೆ, ಅದಕ್ಕ ವಿಪುಲ ಅಡ್ಡ ಬಂದ." ಅಂಕ ಕೊಡುವ ದನಿಯಲ್ಲಿ ಕೇಳಿದರು: "ಸಿಟ್ಟಿಲೆ ಒದ್ದದ್ದು ಇಷ್ಟ ಏನು?"

ನಾಗಲಿಂಗನಿಗೆ ಗೋಡೆಗೆ ಹಾಯಬೇಕೆನಿಸಿತು. ಜೀವಮಾನದಲ್ಲಿ ಒಮ್ಮೆ, ಒಂದೇ ಒಮ್ಮೆ, ಮನಸಿಟ್ಟು ಒದ್ದದ್ದು. ಅದನ್ನೂ ಅಕ್ಕೋರು ನಪಾಸು ಮಾಡಿದ್ದರು.

"ಆವತ್ತು ನನ್ನ ತಪ್ಪ ಇರಲಿಲ್ರೀ," ಎಂದ. ದನಿ ಒಂಬತ್ತು ವರ್ಷದವನದಾಗಿತ್ತು. "ಕಲ್ಲಯ್ಯ ಮಾಸ್ತರ್ರಽ ಒದಿ ಅಂದಿದ್ರು."

"ಗೊತ್ತಿತ್ತು."

"ಗೊತ್ತಿತ್ತು?"

"ತಟ್ಟು ಹಾಸಿತ್ತು. ಹೆಡ್ ಮಾಸ್ತರನ್ನ ಕೆಡವಾಂವ ಯಾರರ ಮೊದಲ ತಟ್ಟು ಹಾಸ್ತಾನೇನು? ನಾ ಹೊಸಾಕಿ, ನೌಕರಿಗಿ ಸೇರಿ ಎಂಟು ದಿನ. ಅವರನ್ನ ಹೊಡ್ಯಾಕ ಬರ್ತಿದ್ದಿಲ್ಲ. ಅದಕ್ಕ ನಿನ್ನ ಹೊಡದೆ." ವಾಕರನ್ನು ಒಂದು ಗೇಣು ಮುಂದಕ್ಕೆ ಸರಿಸಿದರು. "ಏಳು ಅಂತ ಹೇಳೂದ ಮರತು ಮನಿಗಿ ಹೋದೆ. ಊಟಕ್ಕ ಕುಂತಾಗ ನೆನಪಾತು. ತಿರುಗಿ ಬಂದ್ರ ನೀ ಇರಲಿಲ್ಲ."

ಎರಡು ವಾರದಿಂದ ಬಿಟ್ಟುಹೋಗಿದ್ದ ನಮಸ್ಕಾರವೊಂದಿದೆ ಎಂದು ನೆನಪಾಗಿ, ಅವನು ಬಗ್ಗಿ ಅವರ ಪಾದದ ಕಡೆ ಕೈ ಚಾಚಿದ. ಸೊಂಟದಲ್ಲಿ ಕಟ್ ಎಂದಿತು. ಬಂದ ಕೈ ಅವರ ಪಾದವನ್ನು ಮುಟ್ಟದೆ ತನ್ನದೇ ಹೆಬ್ಬೆರಳನ್ನು ಹಿಡಿದುಕೊಂಡಿತು. ಇನ್ನೊಂದು ಕೈಗೂ ಬೇರೆ ಜಾಗ ಸಿಗಲಿಲ್ಲ.

"ಸಾಕು, ಏಳು," ಎಂದರು ತಾರಾಬಾಯಿ. ಆಮೇಲೆ ಅವನು ನಿಂತ ಭಂಗಿ ನೋಡಿ ಅವರ ದನಿ ಮೆತ್ತಗಾಯಿತು. "ಏಳು ನಾಗಲಿಂಗ. ಗಂಟಿ ಆತು."

"ಏಳಾಕ ಬರವಲ್ದ್ರಿ."

"ನಾಟಕ ಮಾಡಬ್ಯಾಡ."

"ಖರೇನ ಹಿಡದೈತ್ರಿ ಅಕ್ಕೋರ. ಸೊಂಟ."

ಕಾಂತಾ ನಗು ತಡೆಯಲು ಬಾಯಿಗೆ ಕೈ ಒತ್ತಿ ಗೋಡೆಗೆ ಒರಗಿದಳು. ಆಮೇಲೆ ವಾಕರಿನ ರಬ್ಬರ್ ಕಾಲುಗಳು ಟಕ್, ಟಕ್ ಎಂದು ಅವನ ಮಗ್ಗುಲಿನಿಂದ ಹಿಂದಕ್ಕೆ ಸುತ್ತಿ ಬಂದವು. ತನ್ನೆರಡು ಕಾಲುಗಳ ನಡುವಿನಿಂದ, ತಲೆಕೆಳಗಾಗಿ, ಅವನಿಗೆ ಅಕ್ಕೋರ ಪಾದಗಳು ಕಂಡವು. ಬಲಪಾದ ನೆಲಕ್ಕೆ ಒತ್ತಿ ನಿಂತಿತ್ತು. ಎಡಪಾದದ ಬೆರಳುಗಳು ಒಮ್ಮೆ ನಡುಗಿದವು. ಹಿಮ್ಮಡಿ ಅಲುಗಿತು. ಮತ್ತೆ ನೆಲಕ್ಕೆ ಬಿತ್ತು. ಮತ್ತೆ ಅಲುಗಿತು.

"ಅಯ್ಯ ಬಾಯಾರ! ಏನ್ ಮಾಡಾಕತ್ತೀರಿ? ಹೊಸಾ ಇಸ್ಕ್ರೂ ಅದಾವ್ರಿ!" ಕಾಂತಾ ಕೂಗಿದಳು.

ಮೂರು ದಿನ ಯಾರ ಮಾತನ್ನೂ ಕೇಳದ ಆ ಎಡಪಾದ ನೆಲ ಬಿಟ್ಟು ಒಂದು ಬೆರಳಿನಷ್ಟು ಮೇಲೆ ಬಂದು, ಗಾಳಿಯಲ್ಲಿ ನಿಂತಿತು.

"ನಂಬಿಗಿ ಇಲ್ಲ ನನಗ," ಎಂದಿತು ಮೇಲಿನಿಂದ ದನಿ. "ಪ್ರಯೋಗ ಅಂತ ತಿಳಿ."